ಮುಂದಿನ ಲಾಕಿನ ಫೀಬಿ

ಬಾಗಿಲು ತೆರೆದಿಟ್ಟು ಹೋಗುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಮನೆ ಬಾಗಿಲಲ್ಲ, ಲಾಕಿನ ಬಾಗಿಲು. ನಮ್ಮ ಕಾಲುವೆ ಗುಡ್ಡದ ಮೇಲಿಂದ ಕೆಳಗಿನ ಬಯಲಿಗೆ ಐದು ಮೆಟ್ಟಿಲಲ್ಲಿ ಇಳಿಯುತ್ತದೆ. ಒಂದೊಂದು ಮೆಟ್ಟಿಲೂ ಒಂದು ಲಾಕು, ಅಂದರೆ ಒಂದು ದೋಣಿ ಹಿಡಿಸುವಷ್ಟು ಉದ್ದದ ಕಲ್ಲಿನ ತೊಟ್ಟಿ. ಮೇಲ್ಗಡೆ ಒಂದು ಬಾಗಿಲು, ಕೆಳಗಡೆ ಒಂದು. ತೊಟ್ಟಿ ತುಂಬಿಸಿ ಮೇಲಿನ ಬಾಗಿಲು ತೆರೆದರೆ ದೋಣಿ ಒಳಗೆ ಬರುತ್ತದೆ. ಆ ಬಾಗಿಲು ಮುಚ್ಚಿ, ಕೆಳಗಿನ ತೂಬು ಎತ್ತಿ ನೀರು ಬಿಟ್ಟರೆ ದೋಣಿ ಮೆಲ್ಲಗೆ ಇಳಿಯುತ್ತದೆ. ಕೆಲಸ ಮುಗಿದ ಮೇಲೆ ಬಾಗಿಲು ಮುಚ್ಚಿ ಹೋಗಬೇಕು, ಇಲ್ಲದಿದ್ದರೆ ನೀರು ಸೋರಿ ಮೇಲಿನ ಕಾಲುವೆ ಇಳಿದುಹೋಗುತ್ತದೆ. ಇಷ್ಟೇ ಸಂಗತಿ. ಇದನ್ನು ಜನರ ತಲೆಗೆ ತುಂಬಲು ನಾನು ಮೂರನೇ ಲಾಕಿನ ಪಕ್ಕದ ಗೂಡಿನಲ್ಲಿ ಟೀ ಮಾರುತ್ತ, ಕಾಲುವೆಯವರು ಕೊಟ್ಟ ನೀಲಿ ಜಾಕೆಟ್ ಹಾಕಿಕೊಂಡು, ಸಂಬಳವಿಲ್ಲದೆ ವರ್ಷಗಟ್ಟಲೆ ಗಂಟಲು ಹರಿದುಕೊಂಡಿದ್ದೇನೆ. 'ಕಿರುಚುವ ಹೆಟ್ಟಿ' ಎಂದು ನನಗೆ ಹೆಸರೂ ಬಿದ್ದಿದೆ. ಬೀಳಲಿ.

ಆ ವಸಂತದಲ್ಲಿ ದಿನಾ ಬೆಳಗ್ಗೆ ಬಾಗಿಲುಗಳು ತೆರೆದಿರುತ್ತಿದ್ದವು. ಒಂದಲ್ಲ, ಐದೂ. ದೋಣಿಗಳು ಬಂದಿಲ್ಲ, ಹೋಗಿಲ್ಲ. ದಂಡೆಯ ಹಾದಿಯಲ್ಲಿ ಮೈಗಂಟಿದ ಬಟ್ಟೆ ತೊಟ್ಟು ಬಾಣದಂತೆ ಸೈಕಲ್ ಬಿಡುತ್ತಾರಲ್ಲ, ಆ ಮಹಾಶಯರದೇ ಕಿಡಿಗೇಡಿತನ ಎಂದುಕೊಂಡೆ. ಒಂದು ದಿನ ಹಿಡಿದೇ ತೀರುತ್ತೇನೆಂದು ಬೆಳಕು ಹರಿಯುವ ಹೊತ್ತಿಗೆ ಗೂಡಿನೊಳಗೆ ಕಾದು ಕುಳಿತೆ. ಬಂದದ್ದು ಸೈಕಲ್ಲೇ, ಆದರೆ ಕಪ್ಪು ಬಣ್ಣದ, ಮುಂದೆ ಬೆತ್ತದ ಬುಟ್ಟಿಯಿದ್ದ ಹಳೇ ಸೈಕಲ್. ಅದರಿಂದ ಇಳಿದವಳು ಫೀಬಿ ಟಾಲಿ. ಎಂಬತ್ತರ ಹತ್ತಿರದ ಮುದುಕಿ. ಸೊಂಟದ ಬೆಲ್ಟಿಗೆ ಬೆನ್ನ ಹಿಂದೆ ಸಿಕ್ಕಿಸಿಕೊಂಡಿದ್ದ, ತೂಬು ಎತ್ತುವ ಕಬ್ಬಿಣದ ಹಿಡಿಯನ್ನು ತೆಗೆದಳು, ತೂಬು ಎತ್ತಿದಳು, ತೊಟ್ಟಿ ತುಂಬುವವರೆಗೆ ಕಾದಳು. ಆಮೇಲೆ ಬಾಗಿಲಿನ ಉದ್ದನೆಯ ತೊಲೆಗೆ ಬೆನ್ನು ಕೊಟ್ಟು, ನೆಲದ ಇಟ್ಟಿಗೆ ಸಾಲಿಗೆ ಕಾಲು ಒತ್ತಿ ತಳ್ಳಿದಳು. ಬಾಗಿಲು ತೆರೆದುಕೊಂಡಿತು. ತೆರೆದದ್ದನ್ನು ಹಾಗೇ ಬಿಟ್ಟು ಸೈಕಲ್ ಹತ್ತಿದಳು!

"ಏ ಫೀಬಿ! ದೋಣಿಯಲ್ಲೇ ಹುಟ್ಟಿದೋಳು ನೀನು. ಬಾಗಿಲು ಮುಚ್ಚೋದು ನಾನು ಹೇಳಿಕೊಡಬೇಕೇನೇ ನಿನಗೆ?"

"ಅರ್ಧ ಗಂಟೆ ಬಿಟ್ಟು ಮುಚ್ಕೋ ಹೆಟ್ಟಿ."

"ಯಾಕೆ? ಯಾವ ರಾಜನ ಮೆರವಣಿಗೆ ಬರ್ತಿದೆ?"

"ನನ್ನ ಗಂಡ ಬರ್ತಿದಾನೆ" ಎಂದು ಹೇಳಿ ಅವಳು ನಾಲ್ಕನೇ ಲಾಕಿನ ಕಡೆಗೆ ಹೋಗಿಯೇಬಿಟ್ಟಳು.

ಅರ್ಧ ಗಂಟೆಯೂ ಆಗಲಿಲ್ಲ, ಆಬ್ನರ್ ಬಂದ. ದೋಣಿ ಇಲ್ಲ, ಏನಿಲ್ಲ, ಬರೀ ನಡೆದುಕೊಂಡು. ಬಿಳಿ ಮಫ್ಲರ್, ತಲೆಗೆ ಚಪ್ಪಟೆ ಟೋಪಿ, ಶೂಗಳಿಗೆ ಪಾಲಿಶ್. ತೆರೆದ ಬಾಗಿಲನ್ನು ನೋಡಿ ಒಂದು ಕ್ಷಣ ನಿಂತ. ತೊಲೆಯ ತುದಿಯನ್ನು ಅಂಗೈಯಿಂದ ಎರಡು ಸಲ ತಟ್ಟಿದ, ಕುದುರೆಯ ಕುತ್ತಿಗೆ ತಟ್ಟುವ ಹಾಗೆ. ಮುಂದೆ ನಡೆದ. ಆ ದಿನ ಬಾಗಿಲು ಮುಚ್ಚಿದವಳು ನಾನೇ.

ಫೀಬಿಯ ಕತೆ ಹೇಳಬೇಕೆಂದರೆ ದೋಣಿಯಿಂದಲೇ ಶುರುಮಾಡಬೇಕು. ಕಲ್ಲಿದ್ದಲು ಸಾಗಿಸುವ ದೋಣಿಯ ಹಿಂಭಾಗದಲ್ಲಿ ಒಂದು ಗೂಡಿರುತ್ತದೆ. ಒಲೆ, ಮಂಚ, ಕಪಾಟು, ಗೋಡೆಯ ಮೇಲೆ ಗುಲಾಬಿ ಹೂವಿನ ಚಿತ್ರ, ಎಲ್ಲವೂ ಅಷ್ಟರಲ್ಲೇ. ಅಲ್ಲೇ ಅವಳು ಹುಟ್ಟಿದ್ದು, ಅಲ್ಲೇ ಐವರು ಒಡಹುಟ್ಟಿದವರ ಜೊತೆ ಬೆಳೆದದ್ದು. ಅವಳ ತಾತನ ಕಾಲದಲ್ಲಿ ಇದೇ ದಂಡೆಯ ಮೇಲೆ ಕುದುರೆ ನಡೆದು ದೋಣಿ ಎಳೆಯುತ್ತಿತ್ತು. ಸೇತುವೆಯ ಅಂಚಿನ ಕಲ್ಲಿನಲ್ಲಿ ಹಗ್ಗ ಉಜ್ಜಿ ಕೊರೆದ ಗೀರುಗಳಲ್ಲಿ ಈಗಲೂ ಬೆರಳು ಇಡಬಹುದು. ಅವಳ ಕಾಲಕ್ಕೆ ಎಂಜಿನ್ ಬಂದಿತ್ತು, ಕುದುರೆ ಹೋಗಿ ಸೈಕಲ್ ಬಂದಿತ್ತು. ದೋಣಿ ಲಾಕಿಗೆ ಬಂದು ಕಾಯುತ್ತ ನಿಂತರೆ ಹೊತ್ತು ಹಾಳು, ಹೊತ್ತು ಹಾಳಾದರೆ ಹೊಟ್ಟೆಗೆ ಖೋತಾ. ಅದಕ್ಕೇ ಮನೆಯಲ್ಲಿ ಒಬ್ಬರು ಸೈಕಲ್ ಹತ್ತಿ ಮುಂದೆ ಹೋಗಿ ಲಾಕು ಸಿದ್ಧ ಮಾಡಿ, ಬಾಗಿಲು ತೆರೆದಿಟ್ಟು, ಮತ್ತೆ ಮುಂದಿನದಕ್ಕೆ ಹೋಗಬೇಕು. ಹತ್ತು ವರ್ಷದ ಹುಡುಗಿಯಾಗಿದ್ದಾಗಿನಿಂದ ಆ ಕೆಲಸ ಫೀಬಿಯದು. ಶಾಲೆಯ ಮುಖ ನೋಡಿದವಳಲ್ಲ.

ಆಬ್ನರ್ ಇನ್ನೊಂದು ಮನೆತನದ ದೋಣಿಯವನು. ಅವರಿಗೂ ಇವರಿಗೂ ಹಾವು ಮುಂಗುಸಿ. ಯಾರು ಮೊದಲು ಲಾಕು ಹಿಡಿಯುತ್ತಾರೋ ಅವರು ಮೊದಲು ಗಣಿ ಮುಟ್ಟುತ್ತಾರೆ, ಅವರಿಗೇ ಮೊದಲು ಸರಕು. ಅದಕ್ಕಾಗಿ ತೂಬಿನ ಹಿಡಿ ಎತ್ತಿ ಬಡಿದಾಡಿದ್ದೂ ಉಂಟು. ಒಂದು ದೋಣಿ ಇಳಿದುಹೋದ ಮೇಲೆ ತೊಟ್ಟಿ ಖಾಲಿಯಾಗಿರುತ್ತದೆ. ಹಿಂದೆ ಬರುವವನು ಮತ್ತೆ ತುಂಬಿಸಿಕೊಂಡು ಸಾಯಬೇಕು. ಹಾಗೆ ಹಿಂದೆ ಬರುತ್ತಿದ್ದವನು ಆಬ್ನರ್, ಒಬ್ಬನೇ. ಅವನಪ್ಪ ಎದೆನೋವಿನಿಂದ ಒಳಗೆ ಮಲಗಿದ್ದ. ಆಬ್ನರ್ ದೋಣಿ ಕಟ್ಟಿ, ಓಡಿ, ತುಂಬಿಸಿ, ಮತ್ತೆ ಓಡಿ ಬಂದು ದೋಣಿ ನಡೆಸಬೇಕಿತ್ತು. ಇದೇ ನಮ್ಮ ಐದು ಲಾಕಿನಲ್ಲಿ, ಫೀಬಿ ತನ್ನಪ್ಪನ ದೋಣಿಯನ್ನು ದಾಟಿಸಿ, ಸೈಕಲ್ ತಿರುಗಿಸಿ ಹಿಂದೆ ಬಂದು, ಆ ಹುಡುಗನಿಗಾಗಿ ಲಾಕು ತುಂಬಿಸಿ ಬಾಗಿಲು ತೆರೆದಿಟ್ಟಳು. ಐದಕ್ಕೂ.

ಅವಳಪ್ಪ ಕುಣಿದಾಡಿಬಿಟ್ಟನಂತೆ. "ನಮ್ಮ ಅನ್ನ ತಿಂದು ಅವರ ದೋಣಿಗೆ ನೀರು ತುಂಬಿಸಿಕೊಡ್ತೀಯೇನೇ ದರಿದ್ರದೋಳೇ?"

"ಆಮೇಲೆ?" ಎಂದು ನಾನು ಕೇಳಿದ್ದೆ ಅವಳನ್ನು.

"ಆಮೇಲೇನು? ಎರಡು ಏಟು ಬಿತ್ತು. ಮುಂದಿನ ಸಲ ಅಪ್ಪನಿಗೆ ಕಾಣದ ಹಾಗೆ ತೆಗೆದಿಟ್ಟೆ."

"ಅವನೇನಂದ?"

"ಅವನು ಮಾತಾಡೋಕೆ ನಾನೆಲ್ಲಿ ಸಿಗಬೇಕು? ಅವನು ಈ ಲಾಕಿಗೆ ಬರೋ ಹೊತ್ತಿಗೆ ನಾನು ಮುಂದಿನ ಲಾಕಲ್ಲಿ. ವರ್ಷ ಪೂರ್ತಿ ಹಂಗೇ ಆಯ್ತು. ಮದುವೆ ಆಗ್ತೀಯಾ ಅಂತ ಕೇಳೋಕೆ ಸೇತುವೆ ಮೇಲಿಂದ ಕೂಗಬೇಕಾಯ್ತು ಪಾಪ, ಅರ್ಧ ಊರಿಗೆ ಕೇಳಿಸ್ತು."

ಮದುವೆಯಾದ ಮೇಲೂ ಅದೇ ಬಾಳು. ಅವನು ಚುಕ್ಕಾಣಿ ಹಿಡಿದು ಹಿಂದೆ, ಅವಳು ಸೈಕಲ್ಲಿನಲ್ಲಿ ಮುಂದೆ. ಬೆಳಗ್ಗೆ ಬ್ರೆಡ್ಡಿನ ಮಧ್ಯೆ ಹಂದಿಮಾಂಸ ಇಟ್ಟು ಅವನ ಕೈಗೆ ಕೊಟ್ಟು ಹೊರಟಳೆಂದರೆ, ಸಂಜೆ ದೋಣಿ ಕಟ್ಟುವ ಜಾಗದಲ್ಲೇ ಮುಖ ನೋಡುವುದು. ಅವನು ಬಂದವನೇ ಅವಳ ಕೈಯಿಂದ ಸೈಕಲ್ ಇಸಿದುಕೊಂಡು ಗೂಡಿನ ಮಾಡಿನ ಮೇಲೆ ಎತ್ತಿಡುತ್ತಿದ್ದ. "ಇವತ್ತಿಗೆ ಸಾಕು, ಹತ್ತು" ಎನ್ನುತ್ತಿದ್ದ. ಜೋಡಿಯಾಗಿ ದಂಡೆಯ ಮೇಲೆ ನಡೆದದ್ದೇ ಇಲ್ಲವಂತೆ ಅವರು. ಅವಳನ್ನು ಅವನು ಕಂಡದ್ದಕ್ಕಿಂತ ಅವಳು ತೆರೆದಿಟ್ಟ ಬಾಗಿಲನ್ನು ಕಂಡದ್ದೇ ಹೆಚ್ಚು.

ಒಬ್ಬಳೇ ಮಗಳು, ಬೆರಿಲ್. ತನ್ನ ಹಾಗೆ ಅಕ್ಷರ ಬಾರದವಳಾಗಬಾರದೆಂದು ಫೀಬಿ ಅವಳನ್ನು ಐದು ವರ್ಷಕ್ಕೇ ಕಾವೆಂಟ್ರಿ ಊರಿನಲ್ಲಿದ್ದ ನಾದಿನಿಯ ಮನೆಯಲ್ಲಿ ಬಿಟ್ಟು ಶಾಲೆಗೆ ಸೇರಿಸಿದಳು. ಬೇಸಿಗೆ ರಜೆಗೆ ಮಾತ್ರ ದೋಣಿ. ಉಳಿದಂತೆ ದೋಣಿ ಊರು ದಾಟುವ ದಿನ ಮಗು ಸೇತುವೆಯ ಮೇಲೆ ಕಾಯುತ್ತಿತ್ತು. ಮೊದಲು ಅಮ್ಮನ ಸೈಕಲ್ ಬರುತ್ತಿತ್ತು. ಅಮ್ಮ ಇಳಿದು ಬಿಗಿಯಾಗಿ ಅಪ್ಪಿಕೊಂಡು, ಮುತ್ತಿಟ್ಟು, "ಬಾಗಿಲು ತೆಗೀಬೇಕು ಕಣೇ ಚಿನ್ನ" ಎಂದು ಹೊರಟೇಬಿಡುತ್ತಿದ್ದಳು. ಬೆರಿಲ್ ಈಗ ನಿವೃತ್ತಳಾದ ನರ್ಸು. ನನ್ನ ಗೂಡಿನಲ್ಲಿ ಟೀ ಕುಡಿಯುತ್ತ ಒಮ್ಮೆ ಹೇಳಿದ್ದಳು: "ನನ್ನ ಕಣ್ಣಿಗೆ ಕಟ್ಟಿರೋದು ಅಮ್ಮನ ಬೆನ್ನು ಒಂದೇ ಆಂಟಿ." ನಗುತ್ತಲೇ ಹೇಳಿದಳು. ಆ ನಗು ನನಗೆ ಹಿಡಿಸಲಿಲ್ಲ.

ಸರಕಿನ ದೋಣಿಗಳು ನಿಂತ ಮೇಲೆ ಗಂಡಹೆಂಡಿರು ಮೊದಲನೇ ಲಾಕಿನ ಪಕ್ಕದ ಪುಟ್ಟ ಮನೆಗೆ ಬಂದು ನೆಲೆಸಿದರು. ಆಬ್ನರ್ ದೋಣಿ ರಿಪೇರಿ ಮಾಡುವಲ್ಲಿ ಕೆಲಸಕ್ಕೆ ಹೋದ, ಇವಳು ಕೆಳಗಿನ ಪಬ್ಬಿನಲ್ಲಿ ಅಡುಗೆ ಮಾಡಿದಳು. ಜಗಳವೂ ಆಡುತ್ತಿದ್ದರು, ಉಂಡು ಮಲಗುವ ತನಕ. ಚೆನ್ನಾಗಿಯೇ ಇದ್ದರು. ಆಮೇಲೆ ಆಬ್ನರನ ನೆನಪು ಒಂದೊಂದಾಗಿ ಜಾರತೊಡಗಿತು. ಮೊದಲು ಹೆಸರುಗಳು, ಆಮೇಲೆ ವಾರಗಳು, ಆಮೇಲೆ ಈ ಮನೆ.

ಆ ವಸಂತಕ್ಕೆ ಮುಂಚಿನ ಚಳಿಗಾಲದ ಕೊನೆಯಲ್ಲಿ ಒಂದು ಬೆಳಗ್ಗೆ ಅವನು ಎದ್ದು ಹೊರಟುಹೋದ. ಎರಡನೇ ಲಾಕಿನ ಬಾಗಿಲು ಮುಚ್ಚಿತ್ತು. ಅವನೇ ಕೆಳಗಿನದು, ಮೇಲಿನದು, ಎಲ್ಲ ತೂಬನ್ನೂ ಎತ್ತಿಬಿಟ್ಟ. ಮೇಲಿನ ಕಾಲುವೆಯ ನೀರೆಲ್ಲ ಹರಿದುಹೋಗಿ, ಅಲ್ಲಿ ಕಟ್ಟಿದ್ದ ದೋಣಿಗಳು ಕೆಸರಿನಲ್ಲಿ ವಾಲಿಕೊಂಡವು. ಒಲೆಯ ಮೇಲಿದ್ದ ಮೊಟ್ಟೆ ಬಾಣಲೆ ಸಮೇತ ಮಡಿಲಿಗೆ ಬಿದ್ದವರು ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ನಾನು ಓಡಿ ಹೋಗಿ ನೋಡಿದರೆ, ಆಬ್ನರ್ ಲಾಕಿನ ಅಂಚಿನಲ್ಲಿ ನಿಂತು ಮಗುವಿನಂತೆ ಅಳುತ್ತಿದ್ದ. ಫೀಬಿ ಅವನ ತೋಳು ಹಿಡಿದು ಪಕ್ಕದಲ್ಲೇ ನಿಂತಿದ್ದಳು.

ಅವನು ಟೋಪಿ ತೆಗೆದು ಅವಳಿಗೆ ಮರ್ಯಾದೆಯಿಂದ ಕೇಳಿದ: "ಅಮ್ಮಾ, ನನ್ನ ಹೆಂಡತಿ ಸೈಕಲ್ ಮೇಲೆ ಹೋಗಿದ್ದನ್ನ ನೋಡಿದ್ರಾ? ಬಾಗಿಲು ಮುಚ್ಚಿದೆ. ಅವಳು ಇಲ್ಲಿಗೆ ಬಂದೇ ಇಲ್ಲ. ಏನೋ ಆಗಿದೆ ಅವಳಿಗೆ."

ಅಯ್ಯೋ ದೇವರೇ, ಆ ಹೆಂಗಸಿನ ಮುಖ! ನಾನು ಆ ಕಡೆ ತಿರುಗಿಕೊಂಡೆ.

ಅದಾದ ಮೇಲೆ ಅವನನ್ನು ಹಿಡಿದಿಡುವುದೇ ಕಷ್ಟವಾಯಿತು. ದಿನಾ ಹೊರಡುತ್ತಿದ್ದ, ಮುಚ್ಚಿದ ಬಾಗಿಲು ಕಂಡರೆ ಹುಚ್ಚೆದ್ದವನಂತಾಗುತ್ತಿದ್ದ. ಒಂದು ಸಲ ಸೊಂಟದವರೆಗೆ ನೀರಿಗಿಳಿದು ಅವಳನ್ನು ಹುಡುಕಿದ. ಆಮೇಲೊಂದು ದಿನ ಯಾರೋ ಸೋಮಾರಿ ದೋಣಿಯವನು ಬಾಗಿಲು ತೆರೆದಿಟ್ಟು ಹೋಗಿದ್ದ. ಆಬ್ನರ್ ಅದನ್ನು ನೋಡಿದ್ದೇ ತಣ್ಣಗಾದ. ತೊಲೆ ತಟ್ಟಿ, "ಬಂದು ಹೋಗಿದಾಳೆ" ಎಂದು ನಕ್ಕ. ಫೀಬಿಗೆ ಅಷ್ಟು ಸಾಕಾಯಿತು. ಮರುದಿನವೇ ಕೊಟ್ಟಿಗೆಯಿಂದ ಹಳೇ ಸೈಕಲ್ ಹೊರಗೆ ಬಂತು. ಅವನು ಎದ್ದು ಶೂ ಪಾಲಿಶ್ ಮಾಡುವಷ್ಟರಲ್ಲಿ ಅವಳು ಮುಂದೆ. ಐದನೇ ಲಾಕಿನ ಬಳಿ ಕಾದು ನಿಲ್ಲುತ್ತಿದ್ದಳು. ಅಲ್ಲಿ ಮಾತ್ರ, ಸೈಕಲ್ ಹಿಡಿದು ನಿಂತವಳನ್ನು ಕಂಡಾಗ ಮಾತ್ರ, ಅವನಿಗೆ ಅವಳ ಗುರುತು ಸಿಗುತ್ತಿತ್ತು. "ಇವತ್ತಿಗೆ ಸಾಕು" ಎಂದು ಸೈಕಲ್ ಇಸಿದುಕೊಳ್ಳುತ್ತಿದ್ದ. ಆಮೇಲೆ ಅವನು ಸೈಕಲ್ ತಳ್ಳುತ್ತ ಮುಂದೆ, ಅವಳು ಕುಂಟುತ್ತ ಹಿಂದೆ, ಮನೆಗೆ. ದಿನ ಪೂರ್ತಿ ಅವನು ಶಾಂತ. ಇಷ್ಟು ತಿಳಿದ ಮೇಲೂ ಬೈಯುವುದಕ್ಕೆ ನಾನೇನು ರಾಕ್ಷಸಿಯೇ? ಅವನು ದಾಟಿದ ಮೇಲೆ ಹಿಂದಿನಿಂದ ಹೋಗಿ ಒಂದೊಂದೇ ಮುಚ್ಚಿಕೊಂಡು ಬರುತ್ತಿದ್ದೆ, ಗೊಣಗುತ್ತ.

ಬೆರಿಲ್ ಒಪ್ಪಲಿಲ್ಲ. ಅಪ್ಪ ನೀರಿಗಿಳಿದ ಸುದ್ದಿ ಕೇಳಿದಾಗಿನಿಂದ ಅವಳು ಒಳ್ಳೆಯ ಆರೈಕೆಯ ಮನೆಯೊಂದನ್ನು ಹುಡುಕಿ ಜಾಗ ಗೊತ್ತುಮಾಡಿದ್ದಳು. ಕೆಟ್ಟ ಮಗಳೇನಲ್ಲ ಅವಳು. "ನಿನ್ನ ಸೊಂಟ ನೋಡ್ಕೊಂಡಿದೀಯಾ ಅಮ್ಮ? ಒಂದಿನ ನೀನು ಬೀಳ್ತೀಯ, ಅವನು ಮುಳುಗ್ತಾನೆ. ನನಗೆ ಫೋನ್ ಬರುತ್ತೆ" ಎಂದಳು. ಅದೂ ನಿಜವೇ.

"ಒಂದು ಸಲ ನೋಡು ಬೆರಿಲ್" ಎಂದಳು ಫೀಬಿ. "ಐದನೇ ಲಾಕಿನ ಹತ್ರ ನಿಂತು ನೋಡು. ಗಲಾಟೆ ಇಲ್ಲದೆ ಅವನು ಅಲ್ಲಿಗೆ ಬಂದು ಮನೆಗೆ ತಿರುಗಿದ್ರೆ ಇಲ್ಲೇ ಇರ್ಲಿ. ಇಲ್ದಿದ್ರೆ ಕರ್ಕೊಂಡು ಹೋಗು. ನಾನು ಮಾತಾಡಲ್ಲ."

ಬೆರಿಲ್ ಅಪ್ಪನ ಬಟ್ಟೆಯ ಪೆಟ್ಟಿಗೆಯನ್ನು ಕಾರಿನಲ್ಲಿಟ್ಟುಕೊಂಡೇ ಕೆಳಗೆ ಹೋಗಿ ನಿಂತಳು.

ಹಿಂದಿನ ದಿನ ಮಳೆ ಬಂದಿತ್ತು, ಇಟ್ಟಿಗೆ ಜಾರುತ್ತಿತ್ತು. ಫೀಬಿ ಮೊದಲನೆಯದು, ಎರಡನೆಯದು ತೆರೆದು, ನನ್ನ ಮೂರನೆಯದಕ್ಕೆ ಬಂದಳು. ಅದನ್ನೂ ತೆರೆದಳು. ಸೈಕಲ್ ಹತ್ತಲು ಕಾಲೆತ್ತಿದವಳು ಹಾಗೇ ಪಕ್ಕಕ್ಕೆ ಉರುಳಿದಳು. ನಾನು ಟೀ ಪಾತ್ರೆ ಅಲ್ಲೇ ಬಿಟ್ಟು ಓಡಿದೆ. ಮೂಳೆ ಮುರಿದಿರಲಿಲ್ಲ, ಆದರೆ ತಾನಾಗಿ ಏಳಲಾಗುತ್ತಿರಲಿಲ್ಲ. ಕಂಕುಳಿಗೆ ಕೈಕೊಟ್ಟು ಎಳೆದು ತಂದು ಗೂಡಿನ ಬೆಂಚಿನ ಮೇಲೆ ಕೂರಿಸಿದೆ. ಅಷ್ಟರಲ್ಲಿ ಎರಡನೇ ಲಾಕಿನ ಹತ್ತಿರ ಬಿಳಿ ಮಫ್ಲರ್ ಕಂಡಿತು.

"ಕರೀಲಾ ಅವನನ್ನ?"

"ಬೇಡ, ಬೇಡ! ಇಲ್ಲಿ ನನ್ನ ಗುರುತು ಹಿಡಿಯಲ್ಲ ಅವನು. ಯಾರೋ ಮುದುಕಿ ಅಂದ್ಕೋತಾನೆ." ಹಿಡಿಯನ್ನು ನನ್ನ ಕೈಗೆ ತುರುಕಿದಳು. "ಹೋಗೇ ಹೆಟ್ಟಿ. ಬಾಗಿಲು ತೆಗಿ. ಓಡು!"

ಓಡಿದೆ. ಈ ಮಂಡಿಯಲ್ಲಿ ಓಡಿದ್ದನ್ನು ಓಟ ಎನ್ನುವುದಾದರೆ ಓಡಿದೆ. ಜನ್ಮವೆಲ್ಲ ಬಾಗಿಲು ಮುಚ್ಚಿ ಎಂದು ಕಿರುಚಿದವಳು ನಾಲ್ಕನೇ ಲಾಕಿನ ತೂಬು ಎತ್ತಿ, "ಬೇಗ ತುಂಬೇ ಹಾಳಾದವಳೇ" ಎಂದು ನೀರಿಗೆ ಬೈಯುತ್ತ ನಿಂತೆ. ತುಂಬಿತು. ತೊಲೆಗೆ ಬೆನ್ನು ಕೊಟ್ಟು ತಳ್ಳಿದೆ. ಬಾಗಿಲು ಪೂರ್ತಿ ತೆರೆಯುವುದಕ್ಕೂ ಅವನು ಬರುವುದಕ್ಕೂ ಸರಿಹೋಯಿತು. ನನಗೆ ಟೋಪಿ ಮುಟ್ಟಿ ನಮಸ್ಕಾರ ಹೇಳಿದ, ತೊಲೆ ತಟ್ಟಿದ, ದಾಟಿ ನಡೆದೇಬಿಟ್ಟ. ನನಗೆ ಉಸಿರೇ ಸಿಗುತ್ತಿರಲಿಲ್ಲ. ಐದನೆಯದು ಬಾಕಿ ಇತ್ತು. ಇನ್ನು ಅವನನ್ನು ಹಿಂದೆ ಹಾಕುವುದು ನನ್ನಿಂದಾಗದ ಮಾತು.

ನಾಲ್ಕರಿಂದ ಐದರವರೆಗೆ ದಂಡೆ ನೇರ, ಎಲ್ಲ ಕಾಣುತ್ತದೆ. ಐದನೇ ಲಾಕಿನ ತೊಟ್ಟಿ ತುಂಬಿತ್ತು, ಫೀಬಿಗೆ ಕೊನೆಯದಾದರೂ ಸುಲಭವಾಗಲೆಂದು ಹಿಂದಿನ ಸಂಜೆ ನಾನೇ ತುಂಬಿಸಿ ಬಿಟ್ಟಿದ್ದೆ. ಬಾಗಿಲು ಮಾತ್ರ ಮುಚ್ಚಿತ್ತು, ನಿಯಮದ ಪ್ರಕಾರ, ನಾನೇ ಮುಚ್ಚಿದ್ದು. ಅದರ ಪಕ್ಕದಲ್ಲಿ ಬೆರಿಲ್ ಕೈಕಟ್ಟಿ ನಿಂತಿದ್ದಳು. "ಬೆರಿಲ್, ಬಾಗಿಲು!" ಎಂದು ಕೂಗಲು ಬಾಯಿ ತೆರೆದೆ. ಊರೆಲ್ಲ ಹೆದರುವ ನನ್ನ ಗಂಟಲಿನಿಂದ ಆಗ ಬರೀ ಗಾಳಿ ಬಂತು.

ಆಬ್ನರನ ಹೆಜ್ಜೆ ನಿಧಾನವಾಯಿತು. ನಿಂತ. ಬಾಗಿಲು ನೋಡಿದ. ಅವನ ಹೆಗಲು ಕುಸಿದದ್ದು ನನಗೆ ನಾಲ್ಕನೇ ಲಾಕಿನಿಂದಲೇ ಕಂಡಿತು. ಟೋಪಿ ತೆಗೆದು ಕೈಯಲ್ಲಿ ಹಿಸುಕತೊಡಗಿದ, ನೀರಿನ ಅಂಚಿಗೆ ಹೋಗಿ ಬಗ್ಗಿದ. ಬೆರಿಲ್ ಏನೂ ಮಾಡಬೇಕಾಗಿರಲಿಲ್ಲ. ಅವನನ್ನು ಹಿಡಿದು ಕಾರಿಗೆ ಕೂರಿಸಿದ್ದರೆ ಸಾಕಿತ್ತು, ಮಾತಿನ ಪ್ರಕಾರ ಅವಳೇ ಗೆದ್ದ ಹಾಗೆ.

ಅವಳು ಕೈಚೀಲವನ್ನು ನೆಲಕ್ಕೆ ಎಸೆದಳು. ತೊಲೆಯ ಹತ್ತಿರ ಹೋಗಿ ತಿರುಗಿ ನಿಂತು ಅದಕ್ಕೆ ಬೆನ್ನು ಕೊಟ್ಟಳು. ರಜೆಗೆ ದೋಣಿಗೆ ಬರುತ್ತಿದ್ದ ಹುಡುಗಿ ಅದನ್ನು ಮರೆತಿರಲಿಲ್ಲ. ಪೇಟೆಯ ಶೂ ಒಮ್ಮೆ ಜಾರಿತು. ಎರಡನೇ ಸಲಕ್ಕೆ ಇಟ್ಟಿಗೆಗೆ ಹಿಮ್ಮಡಿ ಸಿಕ್ಕಿತು. ಬಾಗಿಲು ನೀರನ್ನು ಸೀಳುತ್ತ ತೆರೆದುಕೊಂಡಿತು.

ನಾನು ಅವರ ಹತ್ತಿರ ಹೋಗಿ ಮುಟ್ಟುವ ಹೊತ್ತಿಗೆ ಆಬ್ನರ್ ತೊಲೆ ತಟ್ಟಿ, ಮಗಳ ಮುಖವನ್ನೇ ನೋಡುತ್ತಿದ್ದ.

"ಅಮ್ಮ ಮುಂದೆ ಹೋದ್ಲೇನಮ್ಮ?"

"ಇಲ್ಲಪ್ಪ. ಅಮ್ಮ ಹಿಂದೆ ಬರ್ತಿದಾಳೆ" ಎಂದಳು ಬೆರಿಲ್. "ಇವತ್ತು ಮುಂದೆ ಬಂದೋಳು ನಾನು."

"ಹಿಂದೇನಾ?" ಎಂದ ಅವನು, ಅಂಥ ಮಾತನ್ನು ಜನ್ಮದಲ್ಲೇ ಕೇಳದವನಂತೆ. ಮೆಲ್ಲಗೆ ತಿರುಗಿ ನೋಡಿದ.

ದಂಡೆಯ ಮೇಲೆ ಫೀಬಿ ಬರುತ್ತಿದ್ದಳು. ಸೈಕಲ್ಲನ್ನೇ ಊರುಗೋಲು ಮಾಡಿಕೊಂಡು, ಒಂದೊಂದೇ ಹೆಜ್ಜೆ. ಅವನು ಅವಳು ಬರುವವರೆಗೂ ಕಾಯಲಿಲ್ಲ. ತಾನೇ ಹಿಂದಕ್ಕೆ ನಡೆದ, ಬೇಗಬೇಗ.

"ಏನೇ ಫೀಬಿ, ಹಿಂದೆ ಬಿದ್ದುಬಿಟ್ಯಲ್ಲೇ!"

"ನೀನು ಓಡ್ತಿದ್ರೆ ನಾನೇನೋ ಮಾಡ್ಲಿ?"

"ಕುಂಟ್ತಿದೀಯಲ್ಲ."

"ವಯಸ್ಸಾಯ್ತು ಕಣೋ."

"ಇವತ್ತಿಗೆ ಸಾಕು" ಎಂದ. ಸೈಕಲ್ ಇಸಿದುಕೊಂಡ. ಎಂದಿನಂತೆ ಮುಂದೆ ಹೋಗಲಿಲ್ಲ. ಸೈಕಲ್ಲನ್ನು ಎಡಗೈಯಲ್ಲಿ ಹಿಡಿದು, ಬಲತೋಳನ್ನು ಅವಳಿಗೆ ಕೊಟ್ಟ. ಇಬ್ಬರೂ ಗುಡ್ಡದ ಕಡೆಗೆ ಹೊರಟರು. ಎದುರಿಗೆ ಗಂಟೆ ಬಾರಿಸುತ್ತ ಬಂದ ಬಾಣದ ಸೈಕಲ್ಲಿನವನಿಗೆ ದಾರಿ ಇರಲಿಲ್ಲ. ಹುಲ್ಲಿಗಿಳಿದು ನಿಂತುಕೊಂಡ, ನಿಂತಿರಲಿ. ಅಷ್ಟು ವರ್ಷ ಒಂದೇ ದಾರಿಯಲ್ಲಿ ಬದುಕಿದ ಆ ಇಬ್ಬರು ಅಕ್ಕಪಕ್ಕ ನಡೆದದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಅಳು ಬಂತು, ಅತ್ತುಬಿಟ್ಟೆ. ಅದರಲ್ಲಿ ನಾಚಿಕೆ ಏನು?

ಬೆರಿಲ್ ಕಾರಿನಿಂದ ಪೆಟ್ಟಿಗೆ ತೆಗೆದು ನೆಲದ ಮೇಲಿಟ್ಟಳು. ಅಂಗೈಗೆ ತೊಲೆಯ ಬಣ್ಣ ಮೆತ್ತಿತ್ತು, ಅದನ್ನು ಕೋಟಿಗೆ ಒರೆಸಿಕೊಂಡಳು. ಬಹಳ ಹೊತ್ತು ಅವರ ಬೆನ್ನನ್ನೇ ನೋಡುತ್ತಿದ್ದಳು, ಇಬ್ಬರದೂ. ಆಮೇಲೆ ನನ್ನ ಕೈಯಲ್ಲಿದ್ದ ಕಬ್ಬಿಣದ ಹಿಡಿಯನ್ನು ನೋಡಿದಳು.

"ಹೆಟ್ಟಿ ಆಂಟಿ, ನಾಳೆ ಎಷ್ಟೊತ್ತಿಗೆ ಹೊರಡ್ತಾನೆ ಅಪ್ಪ?"

"ಶೂ ಪಾಲಿಶ್ ಮುಗಿದ ಕೂಡ್ಲೇ. ನೀನು ಅದಕ್ಕಿಂತ ಮುಂಚೆ ಏಳಬೇಕು."

ಹಿಡಿಯನ್ನು ಅವಳಿಗೆ ಕೊಟ್ಟೆ. ಅವಳದನ್ನು ಅಮ್ಮನ ಹಾಗೆಯೇ ಬೆನ್ನ ಹಿಂದೆ ಬೆಲ್ಟಿಗೆ ಸಿಕ್ಕಿಸಿಕೊಂಡು, ಪೆಟ್ಟಿಗೆ ಎತ್ತಿಕೊಂಡು ನಾಲ್ಕು ಹೆಜ್ಜೆ ಹೋದವಳು ತಿರುಗಿ ನಿಂತಳು.

"ಬಾಗಿಲು ಮುಚ್ಚಬೇಕಲ್ವಾ ಆಂಟಿ?"

"ನೀನು ನಡಿ" ಎಂದೆ. "ಮುಚ್ಚೋಕೆ ನಾನಿದೀನಿ."